ರೋಸ್‌ಮೇರಿ, ಥೈಮ್, ಲ್ಯಾವೆಂಡರ್: ಸುಡುಬೇಸಿಗೆ ದಾಟಿಸುವ ಬಗೆ

ಬೇಸಿಗೆಯಲ್ಲಿ ಸತ್ತ ರೋಸ್‌ಮೇರಿ ಗಿಡವನ್ನು ಕುಂಡದಿಂದ ಕಿತ್ತು ಬೇರು ನೋಡಿ. ಬಹಳಷ್ಟು ಸಲ ಬೇರು ಒಣಗಿರುವುದಿಲ್ಲ, ಕೊಳೆತಿರುತ್ತದೆ. ಕಂದು ಬಣ್ಣಕ್ಕೆ ತಿರುಗಿ, ಬೆರಳಲ್ಲಿ ಹಿಡಿದು ಎಳೆದರೆ ಸಿಪ್ಪೆ ಕಳಚಿ ಒಳಗಿನ ನಾರು ಮಾತ್ರ ಉಳಿಯುತ್ತದೆ. ಮಣ್ಣಿಗೆ ಚರಂಡಿಯ ವಾಸನೆ ಬಂದಿರುತ್ತದೆ. ಗಿಡ ಬಾಡಿತೆಂದು ನೀರು, ಇನ್ನೂ ಬಾಡಿತೆಂದು ಇನ್ನಷ್ಟು ನೀರು: ಸಾಮಾನ್ಯವಾಗಿ ನಡೆಯುವುದು ಇಷ್ಟೇ. ರೋಸ್‌ಮೇರಿ, ಥೈಮ್, ಲ್ಯಾವೆಂಡರ್, ಓರೆಗಾನೊ, ಸೇಜ್‌ನಂಥ ಈ ಪರಿಮಳದ ಎಲೆಗಿಡಗಳು ಬಿಸಿಲನ್ನು ತಡೆದುಕೊಳ್ಳುತ್ತವೆ. ಬಿಸಿಯೂ ನೀರೂ ಒಟ್ಟಿಗೆ ಬೇರಿನ ಬಳಿ ನಿಂತರೆ ಮಾತ್ರ ತಡೆಯುವುದಿಲ್ಲ. ಮಣ್ಣು, ಕುಂಡ, ನೀರು, ನೆರಳು ಎಲ್ಲದರ ಲೆಕ್ಕಾಚಾರವೂ ಇದೊಂದರ ಸುತ್ತ.

ಕಾರಣ ಅವುಗಳ ತವರಿನಲ್ಲಿದೆ. ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ನಾಡುಗಳಲ್ಲೂ ಬೇಸಿಗೆ ಬಿರುಸೇ. ಆದರೆ ಅದು ಒಣ ಬೇಸಿಗೆ. ಮಳೆ ಬರುವುದು ಚಳಿಗಾಲದಲ್ಲಿ. ಸುಣ್ಣಕಲ್ಲಿನ ಇಳಿಜಾರು, ತೆಳುವಾದ ಮಣ್ಣು, ಅರ್ಧಕ್ಕರ್ಧ ಕಲ್ಲು, ಗೊಬ್ಬರವಿಲ್ಲ. ರೋಸ್‌ಮೇರಿಯ ಎಲೆಯನ್ನು ಮಗುಚಿ ನೋಡಿದರೆ ಅಂಚು ಒಳಕ್ಕೆ ಸುರುಳಿಯಾಗಿ, ತಳದಲ್ಲಿ ಬಿಳಿ ನವಿರು ತುಂಬಿರುವುದು ಕಾಣುತ್ತದೆ. ಉಸಿರಾಡುವ ರಂಧ್ರಗಳು ಆ ನವಿರಿನ ಮರೆಯಲ್ಲಿವೆ. ನೀರು ಉಳಿಸಲೆಂದೇ ಆದ ಏರ್ಪಾಡು ಇದು. ನೀರು ಹೆಚ್ಚಾದರೆ ಏನು ಮಾಡಬೇಕೆಂಬುದಕ್ಕೆ ಗಿಡದ ಬಳಿ ಉಪಾಯವಿಲ್ಲ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆ. ಬೇರು ಬಿಸಿಯಾದಷ್ಟೂ ಅದಕ್ಕೆ ಬೇಕಾದ ಆಮ್ಲಜನಕ ಹೆಚ್ಚು. ಹೀಗೆ ಉಸಿರುಗಟ್ಟಿದ ಬೇರಿಗೆ ಪಿಥಿಯಮ್, ಫೈಟಾಫ್ತೊರಾ ಎಂಬ ಕೊಳೆರೋಗಕಾರಕಗಳು ಸುಲಭವಾಗಿ ಅಂಟಿಕೊಳ್ಳುತ್ತವೆ.

ನಿಮ್ಮದು ಯಾವ ಬೇಸಿಗೆ?

ಬಿಸಿ ಬೇಸಿಗೆಯಲ್ಲಿ ಎರಡು ಜಾತಿ. ಒಂದು ಒಣ ಬೇಸಿಗೆ: ಹಗಲು 40 ಡಿಗ್ರಿ ದಾಟಿದರೂ ಗಾಳಿಯಲ್ಲಿ ತೇವವಿಲ್ಲ, ರಾತ್ರಿ ತಂಪಾಗುತ್ತದೆ. ಇಲ್ಲಿ ಬೇರೂರಿದ ಗಿಡಕ್ಕೆ ಅಪಾಯ ಕಡಿಮೆ. ಎಳೆಯ ಗಿಡ ಮತ್ತು ಬಿಸಿಲಿಗೆ ಕಾದು ಬಿಸಿಯಾಗುವ ಕುಂಡ, ಇವೆರಡೇ ಚಿಂತೆ. ಇನ್ನೊಂದು ಬೆವರು ಬೇಸಿಗೆ: ಹಗಲು 33-35 ಡಿಗ್ರಿಯೇ ಇರಬಹುದು, ಆದರೆ ರಾತ್ರಿ 25ಕ್ಕಿಂತ ಕೆಳಗಿಳಿಯುವುದಿಲ್ಲ, ಗಾಳಿ ಒದ್ದೆ, ನಡುನಡುವೆ ಮಳೆ. ಹಗಲು ತಯಾರಿಸಿದ ಆಹಾರವನ್ನು ಗಿಡ ರಾತ್ರಿಯ ಉಸಿರಾಟದಲ್ಲೇ ಖರ್ಚು ಮಾಡಿಬಿಡುತ್ತದೆ. ಎಲೆ ಒಣಗದೆ ಶಿಲೀಂಧ್ರ ಕೂರುತ್ತದೆ. ಥರ್ಮಾಮೀಟರ್ ನೋಡಿದರೆ ಎರಡನೆಯದು ಸೌಮ್ಯ ಅನ್ನಿಸುತ್ತದೆ, ಆದರೆ ಈ ಗಿಡಗಳ ಪಾಲಿಗೆ ಅದೇ ಕಠಿಣ. ಮುಂದೆ ಹೇಳುವ ಅಳತೆಗಳಲ್ಲಿ ಎಲ್ಲೆಲ್ಲಿ ವ್ಯತ್ಯಾಸ ಬೇಕೋ ಅಲ್ಲಲ್ಲಿ ಈ ಎರಡನ್ನೂ ಬೇರೆಬೇರೆಯಾಗಿ ಹೇಳಿದೆ.

ಯಾವ ಗಿಡ, ಯಾವ ತಳಿ

ರೋಸ್‌ಮೇರಿಯಿಂದ ಶುರುಮಾಡಿ. ಎರಡೂ ಬಗೆಯ ಬೇಸಿಗೆಗೆ ಒಗ್ಗುತ್ತದೆ. ನೆಟ್ಟಗೆ ಬೆಳೆಯುವ ತಳಿಗಳ ಒಳಗೆ ಗಾಳಿ ಚೆನ್ನಾಗಿ ಆಡುತ್ತದೆ, ಆದ್ದರಿಂದ ಬೆವರು ಬೇಸಿಗೆಗೆ ಅವೇ ವಾಸಿ. ನೆಲಕ್ಕೆ ಹರಡುವ ತಳಿಗಳು ನಡುವೆ ಕೊಳೆಯುತ್ತವೆ. ಗಿಡದ ಜೊತೆ ಬರುವ ಹೆಸರಿನ ಚೀಟಿಯಲ್ಲಿ ರೋಸ್ಮರಿನಸ್ ಅಫಿಸಿನಾಲಿಸ್ ಎಂದಿದ್ದರೂ ಸಾಲ್ವಿಯಾ ರೋಸ್ಮರಿನಸ್ ಎಂದಿದ್ದರೂ ಗಿಡ ಒಂದೇ. 2017ರಲ್ಲಿ ಸಸ್ಯವಿಜ್ಞಾನಿಗಳು ಅದನ್ನು ಸೇಜ್‌ನ ಕುಲಕ್ಕೆ ಸೇರಿಸಿದ್ದರಿಂದ ಹೆಸರು ಬದಲಾಯಿತು.

ಓರೆಗಾನೊ ಕೂಡ ಗಟ್ಟಿ ಗಿಡವೇ. ಘಾಟು ಬೇಕಿದ್ದರೆ ಬಿಳಿ ಹೂವಿನ ಗ್ರೀಕ್ ಓರೆಗಾನೊ ತನ್ನಿ. ನೇರಳೆ ಹೂವಿನ ಸಾಮಾನ್ಯ ಜಾತಿ ನೋಡಲು ಚೆಂದ, ಎಲೆಗೆ ರುಚಿ ಅಷ್ಟಕ್ಕಷ್ಟೆ. ಮಾರ್ಜೋರಮ್ ಇದರ ಮೆದು ಸ್ವಭಾವದ ತಂಗಿ, ಸೆಖೆಯಲ್ಲಿ ಬೇಗ ಸೊರಗುತ್ತದೆ. ಬೆವರು ಬೇಸಿಗೆಯಲ್ಲಿ ಓರೆಗಾನೊ ಪದೇಪದೇ ಕೊಳೆಯುತ್ತಿದ್ದರೆ ದೊಡ್ಡಪತ್ರೆ ನೆಡಿ. ಕುಲ ಬೇರೆಯಾದರೂ ಪರಿಮಳ ಹತ್ತಿರದ್ದು. ಕ್ಯೂಬನ್ ಓರೆಗಾನೊ ಎಂದು ಮಾರುವುದು ಅದನ್ನೇ.

ಥೈಮ್ ಒಣ ಬೇಸಿಗೆಯಲ್ಲಿ ಸಲೀಸು. ಸೆಖೆಯಲ್ಲಿ ಮಾತ್ರ ಗಿಡದ ನಡುಭಾಗ ಕಪ್ಪಾಗಿ ಬೋಳಾಗುತ್ತದೆ. ಅದನ್ನು ಎರಡು ವರ್ಷದ ಗಿಡ ಎಂದು ಲೆಕ್ಕ ಹಾಕಿ ಪ್ರತಿ ವರ್ಷ ಹೊಸ ಸಸಿ ಮಾಡಿಕೊಳ್ಳುವುದು ಜಾಣತನ.

ಲ್ಯಾವೆಂಡರ್ ವಿಷಯದಲ್ಲೇ ಹೆಚ್ಚು ಜನ ಮೋಸಹೋಗುವುದು. ಚಿತ್ರಗಳಲ್ಲಿ ಕಾಣುವ ನೇರಳೆ ಹೊಲ ಬಹುಮಟ್ಟಿಗೆ ಇಂಗ್ಲಿಷ್ ಲ್ಯಾವೆಂಡರ್ ಮತ್ತು ಅದರ ಮಿಶ್ರತಳಿಗಳದ್ದು. ಇಂಗ್ಲಿಷ್ ಲ್ಯಾವೆಂಡರ್‌ಗೆ ಚೆನ್ನಾಗಿ ಹೂ ಬಿಡಲು ಚಳಿ ಬೇಕು, ಬೆವರು ಬೇಸಿಗೆಯಲ್ಲಿ ಅದು ಹೆಚ್ಚು ದಿನ ಬಾಳುವುದಿಲ್ಲ. ಬದಲಿಗೆ ಎಲೆಯಂಚು ಗರಗಸದಂತಿರುವ ಲ್ಯಾವೆಂಡ್ಯುಲಾ ಡೆಂಟಾಟಾ ಅಥವಾ ಅದರ ಮಿಶ್ರತಳಿ 'ಗುಡ್ವಿನ್ ಕ್ರೀಕ್ ಗ್ರೇ' ಹುಡುಕಿ. ಸೆಖೆಯನ್ನು ಇವು ಎಷ್ಟೋ ಚೆನ್ನಾಗಿ ತಾಳುತ್ತವೆ. ಪರಿಮಳ ಸ್ವಲ್ಪ ಕರ್ಪೂರದ ಕಡೆಗಿರುತ್ತದೆ, ಹಾಗಾಗಿ ಅಡುಗೆಗೆ ಒದಗುವುದಿಲ್ಲ.

ಸೇಜ್ ಎಲ್ಲಕ್ಕಿಂತ ನಾಜೂಕು. ಅಗಲ ಎಲೆ, ಉಣ್ಣೆಯಂಥ ಮೈ. ನೀರು ಬಿದ್ದರೆ ಒಣಗುವುದೇ ಇಲ್ಲ. ಸಾಲ್ವಿಯಾ ಫ್ರುಟಿಕೋಸಾ ಎಂಬ ಗ್ರೀಕ್ ಸೇಜ್ ಸಾಮಾನ್ಯ ಸೇಜ್‌ಗಿಂತ ಬಿಸಿಲಿಗೆ ಗಟ್ಟಿ. ಬೇ ಎಲೆಯ ಮರದ ಬಗ್ಗೆ ಆತಂಕ ಬೇಡ. ನಿಧಾನವಾಗಿ ಬೆಳೆಯುತ್ತದೆ, ದೊಡ್ಡ ಕುಂಡ ಕೇಳುತ್ತದೆ, ಅಷ್ಟೆ.

ಪಾರ್ಸ್ಲಿ, ಸಬ್ಬಸಿಗೆ ಇವೆಲ್ಲ ಬೇರೆ ಗುಂಪು. ಬಿಸಿ ಏರಿದೊಡನೆ ಹೂಗೊಂಚಲು ಎತ್ತಿ ಎಲೆ ನಿಲ್ಲಿಸುತ್ತವೆ. ಇವನ್ನು ತಂಪು ತಿಂಗಳುಗಳ ಬೆಳೆ ಎಂದುಕೊಂಡು ಬೇಸಿಗೆಯಲ್ಲಿ ಕೈಬಿಡಿ. ಬೇಸಿಲ್ ಇದಕ್ಕೆ ತದ್ವಿರುದ್ಧ. ಮೆಡಿಟರೇನಿಯನ್ ಅಡುಗೆಯಲ್ಲಿ ಮೆರೆದರೂ ಅದರ ಮೂಲ ಉಷ್ಣವಲಯ: ಬಿಸಿಯೂ ಬೇಕು, ನೀರೂ ಬೇಕು. ಬೇಸಿಲನ್ನು ರೋಸ್‌ಮೇರಿಯ ಕುಂಡದಲ್ಲಿ ನೆಟ್ಟರೆ ಇಬ್ಬರಲ್ಲಿ ಒಬ್ಬರು ಸಾಯಲೇಬೇಕು. ಅಂಗಡಿಯಲ್ಲಿ 'ಅಡುಗೆ ತೋಟ' ಎಂದು ಒಂದೇ ಕುಂಡದಲ್ಲಿ ಎರಡನ್ನೂ ಕೂರಿಸಿ ಮಾರುವವರಿದ್ದಾರೆ. ತಂದ ದಿನವೇ ಬೇರ್ಪಡಿಸಿ.

ನೆಡುವ ಕಾಲ

ಬೇಸಿಗೆಗೆ ಮುಂಚೆ ನೆಡುವುದು ತಪ್ಪು. ಬೇಸಿಗೆ ಕಳೆದ ಮೇಲೆ ನೆಡಬೇಕು. ತಂಪು ದೇಶಗಳ ಪುಸ್ತಕಗಳು ವಸಂತದಲ್ಲಿ ನೆಡಿ ಎನ್ನುವುದು ಅಲ್ಲಿ ಚಳಿಗಾಲದ ಹಿಮ ಗಿಡ ಕೊಲ್ಲುತ್ತದೆಂದು. ಬಿಸಿನಾಡಿನಲ್ಲಿ ಕೊಲ್ಲುವ ಕಾಲ ಬೇಸಿಗೆ. ಹಗಲಿನ ಗರಿಷ್ಠ ಉಷ್ಣತೆ 30ರ ಆಸುಪಾಸಿಗೆ ಇಳಿದು, ಜೋರು ಮಳೆ ನಿಂತ ಮೇಲೆ ನೆಟ್ಟರೆ ಮುಂದಿನ ಬೇಸಿಗೆಗೆ ನಾಲ್ಕೈದು ತಿಂಗಳು ಸಿಗುತ್ತದೆ. ಬೇರು ಆಳಕ್ಕಿಳಿಯಲು ಅಷ್ಟು ಬೇಕೇಬೇಕು.

ಮಣ್ಣು

ಕುಂಡಕ್ಕೆ, ಬೆವರು ಬೇಸಿಗೆಯಾದರೆ:

- 2 ಪಾಲು ದಪ್ಪ ಮರಳು (ಕಾಳು 2ರಿಂದ 4 ಮಿ.ಮೀ.)
- 1 ಪಾಲು ಪರ್ಲೈಟ್ (ಕಾಯಿಸಿ ಉಬ್ಬಿಸಿದ ಹಗುರ ಬಿಳಿ ಕಾಳು), ಪ್ಯೂಮಿಸ್ (ರಂಧ್ರಗಳಿರುವ ಹಗುರ ಜ್ವಾಲಾಮುಖಿ ಕಲ್ಲು) ಅಥವಾ 5-8 ಮಿ.ಮೀ. ಇಟ್ಟಿಗೆ ಚೂರು
- 1 ಪಾಲು ಚೆನ್ನಾಗಿ ಕಳಿತ ಕಾಂಪೋಸ್ಟ್

ಒಣ ಬೇಸಿಗೆಗೆ ಇದೇ ಮಿಶ್ರಣಕ್ಕೆ ಇನ್ನೊಂದು ಪಾಲು ತೋಟದ ಮಣ್ಣು ಸೇರಿಸಿ. ಇಲ್ಲವಾದರೆ ದಿನಕ್ಕೆರಡು ಸಲ ನೀರು ಹಾಕುವ ಪಾಡಾಗುತ್ತದೆ.

ಮರಳಿನ ವಿಷಯದಲ್ಲಿ ರಾಜಿ ಬೇಡ. ಗಾರೆಗೆ ಬಳಸುವ ನುಣ್ಣನೆ ಮರಳನ್ನು ಜೇಡಿಮಣ್ಣಿಗೆ ಬೆರೆಸಿದರೆ ಸಣ್ಣ ಕಾಳು ಸಂದುಗಳಲ್ಲಿ ಕೂತು ಮಣ್ಣು ಮೊದಲಿಗಿಂತ ಗಟ್ಟಿಯಾಗುತ್ತದೆ. ಮರಳನ್ನೂ ಇಟ್ಟಿಗೆ ಚೂರನ್ನೂ 2 ಮಿ.ಮೀ. ಜರಡಿಯಲ್ಲಿ ಹಿಡಿದು, ಕೆಳಗೆ ಬಿದ್ದ ಪುಡಿಯನ್ನು ಬಿಸಾಡಿ, ಮೇಲುಳಿದದ್ದನ್ನು ಬಳಸಿ. ಬರೀ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ತುಂಬಿದ ಕುಂಡ ಈ ಗಿಡಗಳಿಗೆ ಸ್ಪಂಜಿನ ಮೇಲೆ ಕೂರಿಸಿದ ಹಾಗೆ. ಬಳಸಿದರೂ ಕೊಕೊಪೀಟ್ ಒಟ್ಟು ಮಿಶ್ರಣದ ಐದನೇ ಒಂದು ಪಾಲು ಮೀರಬಾರದು, ಅದನ್ನೂ ಉಪ್ಪು ಹೋಗುವಂತೆ ಎರಡು ಸಲ ನೀರಲ್ಲಿ ತೊಳೆದು ಹಿಂಡಿರಬೇಕು.

ಕುಂಡದ ತಳಕ್ಕೆ ಜಲ್ಲಿ ಹಾಕಿದರೆ ನೀರು ಬಸಿಯುತ್ತದೆ ಎಂಬ ನಂಬಿಕೆ ಎಲ್ಲೆಡೆಯೂ ಇದೆ. ಆಗುವುದು ಅದರ ಉಲ್ಟಾ. ಸಣ್ಣ ಕಣಗಳ ಮಣ್ಣಿನಿಂದ ದೊಡ್ಡ ಸಂದುಗಳ ಜಲ್ಲಿಗೆ ನೀರು ತಾನಾಗಿ ಇಳಿಯುವುದಿಲ್ಲ, ಮಣ್ಣು ಪೂರ್ತಿ ನೆನೆದ ಮೇಲಷ್ಟೇ ಇಳಿಯುತ್ತದೆ. ಹಾಗಾಗಿ ಒದ್ದೆಯ ಪದರ ಜಲ್ಲಿಯ ಎತ್ತರಕ್ಕೆ, ಅಂದರೆ ಬೇರಿನ ಹತ್ತಿರಕ್ಕೆ, ಏರಿ ಕೂರುತ್ತದೆ. ರಂಧ್ರದ ಮೇಲೆ ಒಂದು ಚೂರು ಜಾಲರಿ ಇಟ್ಟು ಮೇಲಿನವರೆಗೂ ಒಂದೇ ಮಿಶ್ರಣ ತುಂಬಿ. ಜಲ್ಲಿಯ ಜಾಗ ಮೇಲ್ಭಾಗ.

ನೆಲದಲ್ಲಿ ನೆಡುವವರು ಮೊದಲು ಬಸಿಯುವಿಕೆ ಪರೀಕ್ಷಿಸಿ. 30 ಸೆಂ.ಮೀ. ಆಳ, ಅಷ್ಟೇ ಅಗಲದ ಗುಂಡಿ ತೋಡಿ ನೀರು ತುಂಬಿ, ಅದು ಇಂಗಿದ ಮೇಲೆ ಮತ್ತೆ ತುಂಬಿ. ಎರಡನೇ ಸಲ ಗಂಟೆಗೆ 2.5 ಸೆಂ.ಮೀ.ಗಿಂತ ಕಡಿಮೆ ಇಳಿದರೆ ಅಲ್ಲಿ ಗುಂಡಿ ತೋಡಿ ನೆಡಬೇಡಿ. ಜೇಡಿಮಣ್ಣಿನಲ್ಲಿ ತೋಡಿದ ಗುಂಡಿಗೆ ಒಳ್ಳೆಯ ಮಿಶ್ರಣ ತುಂಬಿದರೂ ಅದು ಬಾವಿಯೇ ಆಗುತ್ತದೆ, ಸುತ್ತಲ ನೀರೆಲ್ಲ ಅಲ್ಲಿಗೇ ಬರುತ್ತದೆ. ನೆಲದ ಮೇಲೆ 25-30 ಸೆಂ.ಮೀ. ಎತ್ತರದ ಏರುಮಡಿ ಕಟ್ಟಿ ಅದರ ನೆತ್ತಿಯಲ್ಲಿ ನೆಡಿ. ಮಣ್ಣಿನ ರಸಸಾರ (pH) 6.5ರಿಂದ 7.5ರ ನಡುವೆ ಇದ್ದರೆ ಸಾಕು. ಹುಳಿಮಣ್ಣಾದರೆ ಮಾತ್ರ, ಪರೀಕ್ಷೆ ಮಾಡಿಸಿದ ಮೇಲೆ, ಕೃಷಿ ಸುಣ್ಣ.

ಕುಂಡ

ಮೆರುಗು ಕೊಡದ ಮಣ್ಣಿನ ಕುಂಡವೇ ಮೇಲು. ಅದರ ಗೋಡೆಯಿಂದಲೂ ತೇವ ಆವಿಯಾಗುವುದರಿಂದ ಬೇರು ತಂಪಾಗಿರುತ್ತದೆ. ಕಪ್ಪು ಪ್ಲಾಸ್ಟಿಕ್ ಕುಂಡ ನೇರ ಬಿಸಿಲಿಗೆ ಸಿಕ್ಕರೆ ಒಳಗೋಡೆಗೆ ಅಂಟಿದ ಬೇರು ಬೇಯುತ್ತದೆ. ಅದೇ ಬಳಸಬೇಕಾದರೆ ದೊಡ್ಡ ಮಣ್ಣಿನ ಕುಂಡದೊಳಗೆ ಇಳಿಸಿ ನಡುವಿನ ಸಂದಿಗೆ ಜಲ್ಲಿ ತುಂಬಿ. ಅಳತೆ: ಥೈಮ್, ಓರೆಗಾನೊಗೆ 20 ಸೆಂ.ಮೀ. ಬಾಯಿ, ರೋಸ್‌ಮೇರಿ, ಲ್ಯಾವೆಂಡರ್, ಸೇಜ್‌ಗೆ 30, ಬೇ ಮರಕ್ಕೆ 40. ಬೆಳೆಯಲಿ ಎಂದು ಪುಟ್ಟ ಸಸಿಯನ್ನು ಒಮ್ಮೆಗೇ ದೊಡ್ಡ ಕುಂಡಕ್ಕೆ ಹಾಕಬೇಡಿ, ಬೇರು ತಲುಪದ ಮಣ್ಣಿನಲ್ಲಿ ನೀರು ಹಾಗೇ ಉಳಿಯುತ್ತದೆ. ಸಿಮೆಂಟ್ ನೆಲದ ಮೇಲಾದರೆ ಕುಂಡದ ಕೆಳಗೆ ಎರಡು ಇಟ್ಟಿಗೆ ಇಡಿ: ರಂಧ್ರ ಮುಚ್ಚುವುದಿಲ್ಲ, ನೆಲದ ಕಾವೂ ನೇರ ತಾಗುವುದಿಲ್ಲ.

ನೆಡುವ ಕ್ರಮ

1. ತಂದ ಸಸಿಯನ್ನು ಅದರ ಕುಂಡ ಸಮೇತ ಒಂದು ವಾರ ಅರೆನೆರಳಲ್ಲಿಟ್ಟು, ಆಮೇಲೆ ದಿನಕ್ಕೊಂದು ಗಂಟೆಯಂತೆ ಬಿಸಿಲು ಹೆಚ್ಚಿಸಿ. ನೆರಳುಮನೆಯಲ್ಲಿ ಬೆಳೆದ ಎಲೆ ಒಮ್ಮೆಲೇ ಬಿಸಿಲಿಗೆ ಬಿದ್ದರೆ ಸುಟ್ಟುಹೋಗುತ್ತದೆ.
2. ನೆಡುವ ಹಿಂದಿನ ದಿನ ನೀರು ಕೊಡಿ. ಮರುದಿನ ಸಂಜೆ ಕುಂಡ ಬೋರಲು ಹಾಕಿ ಸಸಿ ಬಿಡಿಸಿ. ಬೇರು ಸುತ್ತಿಕೊಂಡಿದ್ದರೆ ಬೆರಳಿನಿಂದ ಬಿಡಿಸಿ. ಬೇರಿನ ಸುತ್ತ ಬರೀ ಪೀಟ್ (ಜವುಗುನೆಲದ ಪಾಚಿಯ ಪುಡಿ) ಇದ್ದರೆ ಮೂರನೇ ಒಂದು ಭಾಗವನ್ನಾದರೂ ಉದುರಿಸಿ. ಅದು ಹೊಸ ಮಣ್ಣಿನ ನಡುವೆ ಒದ್ದೆ ಮುದ್ದೆಯಾಗಿ ಉಳಿಯುತ್ತದೆ.
3. ಕಾಂಡದ ಬುಡ ಸುತ್ತಲಿನ ಮಣ್ಣಿಗಿಂತ 1-2 ಸೆಂ.ಮೀ. ಮೇಲೆ ಇರುವಂತೆ ಕೂರಿಸಿ. ಬುಡ ಹೂತುಹೋದ ಲ್ಯಾವೆಂಡರ್ ಕೊಳೆಯುವುದು ಅಲ್ಲಿಂದಲೇ.
4. ನೆಲದಲ್ಲಿ ಅಂತರ: ಥೈಮ್ 30 ಸೆಂ.ಮೀ., ಓರೆಗಾನೊ 45, ಸೇಜ್ ಮತ್ತು ಲ್ಯಾವೆಂಡರ್ 60, ರೋಸ್‌ಮೇರಿ 90. ಬೆವರು ಬೇಸಿಗೆಯಲ್ಲಿ ಇದಕ್ಕೆ ಕಾಲುಭಾಗ ಸೇರಿಸಿ. ನೆಟ್ಟಾಗ ಬೋಳುಬೋಳು ಕಾಣುತ್ತದೆ, ಕಾಣಲಿ.
5. ಮೇಲೆ 2-3 ಸೆಂ.ಮೀ. ದಪ್ಪಕ್ಕೆ ತಿಳಿಬಣ್ಣದ ಜಲ್ಲಿ ಹರಡಿ. ಮಳೆಹನಿ ಸಿಡಿದು ಮಣ್ಣು ಎಲೆಗೆ ಮೆತ್ತಿಕೊಳ್ಳುವುದು ತಪ್ಪುತ್ತದೆ, ಬುಡ ಬೇಗ ಒಣಗುತ್ತದೆ. ಒಣಹುಲ್ಲು, ತರಗೆಲೆ, ಮರದ ಸಿಪ್ಪೆ ಬುಡಕ್ಕೆ ತಾಗಕೂಡದು. ಕಪ್ಪು ಕಲ್ಲು ಕಾದು ಕೆಳಗಿನ ಎಲೆ ಸುಡುತ್ತದೆ.

ನೀರು

ನೆಟ್ಟ ಮೊದಲೆರಡು ವಾರ ಎರಡು ಮೂರು ದಿನಕ್ಕೊಮ್ಮೆ. ಎಂಟನೇ ವಾರದವರೆಗೆ ಐದಾರು ದಿನಕ್ಕೊಮ್ಮೆ. ಆಮೇಲೆ ತಂಪು ಕಾಲದಲ್ಲಿ ನೆಲದ ಗಿಡಕ್ಕೆ ಹತ್ತು ಹದಿನೈದು ದಿನಕ್ಕೊಂದು ಸಲ ಸಾಕು. ಮೊದಲ ಬೇಸಿಗೆಯ ಕಡುಬಿಸಿಯಲ್ಲಿ ವಾರಕ್ಕೊಮ್ಮೆ, ಗಿಡಕ್ಕೆ 4-6 ಲೀಟರ್, ಮಣ್ಣು 20-25 ಸೆಂ.ಮೀ. ಆಳ ನೆನೆಯುವಷ್ಟು. ದಿನವೂ ಒಂದೊಂದು ಚೊಂಬು ಸುರಿದರೆ ಬೇರು ಮೇಲ್ಪದರದಲ್ಲೇ ಉಳಿದು, ಅಲ್ಲೇ ಬಿಸಿಗೆ ಸಿಕ್ಕುತ್ತದೆ. ಡ್ರಿಪ್ ಇದ್ದರೆ ಒಂದು ಗಿಡಕ್ಕೆ ಗಂಟೆಗೆ 2 ಲೀಟರಿನ ಎರಡು ಡ್ರಿಪ್ಪರ್, ಕಾಂಡದಿಂದ 15-20 ಸೆಂ.ಮೀ. ದೂರದಲ್ಲಿ.

ಕುಂಡಕ್ಕೆ ದಿನದ ಲೆಕ್ಕ ನಡೆಯುವುದಿಲ್ಲ. ಬೆರಳನ್ನು ಎರಡನೇ ಗಿಣ್ಣಿನವರೆಗೆ, ಸುಮಾರು 5 ಸೆಂ.ಮೀ., ಮಣ್ಣಿಗಿಳಿಸಿ. ಒಣಗಿದ್ದರೆ ನೀರು, ತೇವವಿದ್ದರೆ ನಾಳೆ ನೋಡಿ. ಇದಕ್ಕಿಂತ ನಂಬಿಕೆಯ ಉಪಾಯ ತೂಕ: ನೀರು ಹಾಕಿದ ಮೇಲೊಮ್ಮೆ, ಒಣಗಿದ ಮೇಲೊಮ್ಮೆ ಕುಂಡ ಎತ್ತಿ ನೋಡಿದರೆ ಕೈ ತಾನೇ ಕಲಿಯುತ್ತದೆ. 40 ಡಿಗ್ರಿಯ ಒಣ ಬಿಸಿಲಲ್ಲಿ ಎರಡು ದಿನಕ್ಕೊಮ್ಮೆ ಬೇಕಾಗಬಹುದು, ಮೋಡ ಕವಿದ ಸೆಖೆಯಲ್ಲಿ ವಾರ ತಡೆಯಬಹುದು.

ಹಾಕುವಾಗ ಬೆಳಿಗ್ಗೆ ಬಿಸಿಲೇರುವ ಮೊದಲೇ, ಬುಡಕ್ಕೆ ಮಾತ್ರ, ತಳದಿಂದ ಧಾರಾಳವಾಗಿ ಹರಿದುಹೋಗುವವರೆಗೆ. ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ. ಸಂಜೆ ಹಾಕಿದರೆ ರಾತ್ರಿಯಿಡೀ ಬುಡ ಒದ್ದೆ. ಸೆಖೆಯ ರಾತ್ರಿಯಲ್ಲಿ ರೋಗಕ್ಕೆ ಅದೇ ಆಹ್ವಾನ. ಬಿಸಿಲಲ್ಲಿ ಬಿದ್ದಿರುವ ಪೈಪಿನ ಮೊದಲ ನೀರು ಕುದಿಯುವಂತಿರುತ್ತದೆ, ಅದನ್ನು ಪಕ್ಕಕ್ಕೆ ಹರಿಯಬಿಡಿ.

ಮಣ್ಣು ತೀರಾ ಒಣಗಿ ಕುಂಡದ ಗೋಡೆಯಿಂದ ಬಿಟ್ಟುಕೊಂಡಿದ್ದರೆ ಮೇಲಿಂದ ಹಾಕಿದ ನೀರು ಆ ಸಂದಿಯಲ್ಲೇ ಜಾರಿಹೋಗುತ್ತದೆ. ತಳದಿಂದ ನೀರು ಬಂತೆಂದು ನೀವು ನಿಶ್ಚಿಂತರು, ಬೇರಿಗೆ ಹನಿಯೂ ಸಿಕ್ಕಿಲ್ಲ. ಆಗ ಕುಂಡವನ್ನು ನೀರಿನ ತೊಟ್ಟಿಯಲ್ಲಿ ಅರ್ಧ ಮುಳುಗುವಂತೆ 20-30 ನಿಮಿಷ ಇಟ್ಟು ತೆಗೆಯಿರಿ.

ಬಾಡಿದ ಗಿಡವನ್ನು ಓದುವುದು ಹೀಗೆ. ಮಧ್ಯಾಹ್ನ ಜೋತು, ಸಂಜೆಗೆ ತಾನೇ ಎದ್ದರೆ ಏನೂ ಮಾಡಬೇಡಿ. ಬೆಳಿಗ್ಗೆಯೂ ಬಾಡಿದ್ದು ಮಣ್ಣು ಒಣಗಿದ್ದರೆ ನೀರು. ಬೆಳಿಗ್ಗೆಯೂ ಬಾಡಿದ್ದು ಮಣ್ಣು ಒದ್ದೆಯಿದ್ದರೆ ಬೇರು ಕೊಳೆಯುತ್ತಿದೆ. ಅದಕ್ಕೆ ನೀರು ವಿಷ. ಕುಂಡದಿಂದ ತೆಗೆದು, ಕಂದು ಬೇರನ್ನೆಲ್ಲ ಕತ್ತರಿಸಿ, ಮೇಲಿನ ರೆಂಬೆಯನ್ನೂ ಅಷ್ಟೇ ಪ್ರಮಾಣದಲ್ಲಿ ಕಡಿಮೆ ಮಾಡಿ, ಒಣ ಹೊಸ ಮಿಶ್ರಣಕ್ಕೆ ಹಾಕಿ ನೆರಳಲ್ಲಿಡಿ. ಅರ್ಧಕ್ಕಿಂತ ಹೆಚ್ಚು ಬೇರು ಹೋಗಿದ್ದರೆ ಉಳಿಯುವುದು ಕಷ್ಟ, ಹಸಿರಾಗಿರುವ ತುದಿಗಳಿಂದ ಹೊಸ ಸಸಿ ಮಾಡಿಕೊಳ್ಳಿ. ರೋಸ್‌ಮೇರಿಯಲ್ಲಿ ಇನ್ನೊಂದು ತೊಡಕು: ಗಡುಸಾದ ಎಲೆ ಬೇಗ ಜೋಲುವುದಿಲ್ಲ. ಎಳೆ ತುದಿ ಬಾಗಿದ್ದನ್ನೇ ಮೊದಲ ಸೂಚನೆ ಎಂದುಕೊಳ್ಳಿ. ಎಲೆಯೆಲ್ಲ ಬೂದುಬಣ್ಣಕ್ಕೆ ತಿರುಗಿ ಮುಟ್ಟಿದರೆ ಉದುರುವ ಹೊತ್ತಿಗೆ ತಡವಾಗಿರುತ್ತದೆ.

ಗಡಸು ನೀರಾದರೆ ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ, ಎಲೆಯ ತುದಿ ಕಂದಾಗುತ್ತದೆ. ಬೇ ಮರದಲ್ಲಿ ಇದು ಬೇಗ ಕಾಣುತ್ತದೆ. ತಿಂಗಳಿಗೊಮ್ಮೆ ಕುಂಡದ ಗಾತ್ರದ ಎರಡರಷ್ಟು ನೀರನ್ನು ನಿಧಾನವಾಗಿ ಹಾಯಿಸಿ ಉಪ್ಪು ತೊಳೆಯಿರಿ. ಮಳೆನೀರಾದರೆ ಇನ್ನೂ ಒಳ್ಳೆಯದು.

ನೆರಳು ಮತ್ತು ಗಾಳಿ

'ಪೂರ್ಣ ಬಿಸಿಲು ಬೇಕು' ಎಂಬ ಚೀಟಿಯ ಮಾತು ತಂಪು ನಾಡಿಗೆ ಸರಿ. 38 ಡಿಗ್ರಿ ದಾಟುವ ಕಡೆ ಬೆಳಗಿನ ಹೊತ್ತು ಐದಾರು ತಾಸುಗಳ ಬಿಸಿಲು ಸಾಕು, ಮಧ್ಯಾಹ್ನ ಒಂದರ ಮೇಲೆ ನೆರಳು. ಶೇಡ್ ನೆಟ್ (ನೆರಳಿನ ಬಲೆ) ಬೆಳಕಿನ 30-40 ಶೇಕಡಾ ತಡೆಯುವಂಥದ್ದು ತನ್ನಿ. 50 ಮೀರಿದರೆ ಗಿಡ ಬಿಸಿಲು ಹುಡುಕುತ್ತ ಸಪೂರಾಗಿ ಚಾಚುತ್ತದೆ, ಪರಿಮಳವೂ ತಗ್ಗುತ್ತದೆ. ಗಿಡದ ತುದಿಗಿಂತ 60 ಸೆಂ.ಮೀ. ಮೇಲೆ ಕಟ್ಟಿ, ಪಶ್ಚಿಮಕ್ಕೆ ಸ್ವಲ್ಪ ಇಳಿಬಿಡಿ. ಗಿಡದ ಮೇಲೇ ಹೊದಿಸಿದರೆ ಕಾವು ಒಳಗೇ ಕೂಡಿಕೊಳ್ಳುತ್ತದೆ. ಪಶ್ಚಿಮದ ಗೋಡೆಗೆ ಅಂಟಿಸಿ ಕುಂಡ ಇಡಬೇಡಿ. ಆ ಗೋಡೆ ಸಂಜೆಯೆಲ್ಲ ಕಾವು ಕಾರುತ್ತದೆ.

ಕತ್ತರಿ, ಗೊಬ್ಬರ

ಗೊಬ್ಬರದ ಮಾತು ಚಿಕ್ಕದು. ತಂಪು ಕಾಲ ಶುರುವಾದಾಗ ಒಂದು ಹಿಡಿ ಕಾಂಪೋಸ್ಟ್, ಕುಂಡದ್ದಾದರೆ ಬೇಸಿಗೆಗೆ ಎರಡು ತಿಂಗಳು ಮೊದಲು ನಿಧಾನ ಕರಗುವ ಗೊಬ್ಬರ ಅರ್ಧ ಪ್ರಮಾಣದಲ್ಲಿ. ಬಿರುಬಿಸಿಲಿನಲ್ಲಿ ಗಿಡ ಬೆಳೆಯುವುದನ್ನು ನಿಲ್ಲಿಸಿ ಮಲಗಿರುತ್ತದೆ, ಆಗ ಏನೂ ಬೇಡ. ಸಾರಜನಕ ಹೆಚ್ಚಾದರೆ ಚಿಗುರು ಮೆದುವಾಗಿ, ಎಲೆ ದೊಡ್ಡದಾಗಿ, ವಾಸನೆ ಸಪ್ಪೆಯಾಗುತ್ತದೆ.

ಕತ್ತರಿಸುವುದು ಹೂ ಮುಗಿದ ಮೇಲೆ, ಬಿಸಿ ಏರುವ ಮುಂಚೆ. ಹಸಿರು ಭಾಗದ ಮೂರನೇ ಒಂದಂಶ ಮೀರದಂತೆ. ಲ್ಯಾವೆಂಡರ್, ರೋಸ್‌ಮೇರಿಯಲ್ಲಿ ಎಲೆಯಿಲ್ಲದ ಒಣ ಮರದವರೆಗೆ ಕತ್ತರಿಸಿದರೆ ಆ ರೆಂಬೆ ಮತ್ತೆ ಚಿಗುರುವುದು ಅಪರೂಪ. ಬೆವರು ಬೇಸಿಗೆಯವರು ಮಳೆಗೆ ಮೂರು ವಾರ ಮೊದಲು ಗಿಡದ ಹೊಟ್ಟೆ ತೆರೆಯಿರಿ: ನೆಲ ಮುಟ್ಟುವ ರೆಂಬೆ, ಒಳಗಿನ ಸತ್ತ ಎಲೆ, ಒಂದಕ್ಕೊಂದು ಉಜ್ಜುವ ಕೊಂಬೆ ತೆಗೆದು ಆಚೆಯಿಂದ ಈಚೆಗೆ ಬೆಳಕು ಕಾಣುವಂತೆ ಮಾಡಿ.

ಬೇಸಿಗೆಯಲ್ಲಿ ಎಲೆ ಮಂಕಾಗಿ ಸಣ್ಣ ಹಳದಿ ಚುಕ್ಕಿ ಬಿದ್ದರೆ ಒಂದು ರೆಂಬೆಯನ್ನು ಬಿಳಿ ಹಾಳೆಯ ಮೇಲೆ ಕೊಡವಿ. ಉದುರಿದ ಚುಕ್ಕಿಗಳು ಓಡಾಡಿದರೆ ನುಸಿ. ಬೆಳಿಗ್ಗೆ ಎಲೆಯ ತಳಭಾಗಕ್ಕೆ ರಭಸದ ನೀರು ಹೊಡೆಯಿರಿ, ಮೂರು ದಿನಕ್ಕೊಮ್ಮೆ, ಮೂರು ಸಲ. ಎಲೆಗೆ ನೀರು ತಾಗಿಸಬಾರದೆಂಬ ನಿಯಮಕ್ಕೆ ಇದೊಂದೇ ವಿನಾಯಿತಿ. ಮಧ್ಯಾಹ್ನದೊಳಗೆ ಎಲೆ ಒಣಗಲೇಬೇಕು. ಎಲೆಯ ಮೇಲೆ ಹಿಟ್ಟು ಉದುರಿಸಿದಂತಿದ್ದರೆ ಬೂದಿರೋಗ: ಗಾಳಿ ಸಾಲುತ್ತಿಲ್ಲ, ಆ ರೆಂಬೆ ತೆಗೆದು ಅಂತರ ಹೆಚ್ಚಿಸಿ. 32 ಡಿಗ್ರಿ ಮೀರಿದ ದಿನ ಗಂಧಕವನ್ನಾಗಲಿ ಎಣ್ಣೆಯನ್ನಾಗಲಿ ಸಿಂಪಡಿಸಬೇಡಿ, ರೋಗಕ್ಕಿಂತ ಮೊದಲು ಎಲೆ ಸುಡುತ್ತದೆ.

ಮೀಸಲು ಸಸಿಗಳು

ಎಷ್ಟೇ ಜೋಪಾನ ಮಾಡಿದರೂ ಬೆವರು ಬೇಸಿಗೆ ಕೆಲವನ್ನು ಒಯ್ಯುತ್ತದೆ. ಅದಕ್ಕೇ ಬಿಸಿ ಏರುವ ಆರೇಳು ವಾರ ಮೊದಲು ಪ್ರತಿ ಜಾತಿಯಿಂದ ನಾಲ್ಕೈದು ತುಂಡು ನೆಟ್ಟುಕೊಳ್ಳಿ. ರೋಸ್‌ಮೇರಿಯನ್ನು ಬೀಜದಿಂದ ಮಾಡಲು ಹೋಗಬೇಡಿ, ಮೊಳೆಯುವುದು ಕಡಿಮೆ, ಅದೂ ವಾರಗಟ್ಟಲೆ ಕಾಯಿಸಿ. ಹೂವಿಲ್ಲದ, ಬಾಗಿಸಿದರೆ ಬಳುಕುವ ಆದರೆ ತೀರಾ ಎಳೆಯದಲ್ಲದ ತುದಿಯನ್ನು 8-10 ಸೆಂ.ಮೀ. ಉದ್ದಕ್ಕೆ, ಗಿಣ್ಣಿನ ಕೆಳಗೆ ಕತ್ತರಿಸಿ. ಕೆಳಗಿನ ಅರ್ಧದ ಎಲೆ ಬಿಡಿಸಿ, ಒದ್ದೆ ಮರಳು ಮತ್ತು ಪರ್ಲೈಟ್ ಸಮಪಾಲಿನ ಕುಂಡದಲ್ಲಿ 4 ಸೆಂ.ಮೀ. ಆಳಕ್ಕೆ ಚುಚ್ಚಿ, ಬೆಳಕಿರುವ ನೆರಳಲ್ಲಿಡಿ. ಉಣ್ಣೆಮೈಯ ಲ್ಯಾವೆಂಡರ್, ಸೇಜ್ ತುಂಡುಗಳ ಮೇಲೆ ಪ್ಲಾಸ್ಟಿಕ್ ಮುಚ್ಚಬೇಡಿ, ಬೂಸಲು ಬರುತ್ತದೆ. ಮೂರರಿಂದ ಆರು ವಾರದಲ್ಲಿ, ಮೆಲ್ಲಗೆ ಎಳೆದಾಗ ತುಂಡು ಮಣ್ಣನ್ನು ಬಿಗಿಹಿಡಿದರೆ, ಬೇರು ಬಂದಿದೆ. ಒಂದೊಂದನ್ನೂ 8 ಸೆಂ.ಮೀ. ಕುಂಡಕ್ಕೆ ಹಾಕಿ, ಮಳೆ ಬೀಳದ, ಬೆಳಗಿನ ಬಿಸಿಲು ಬರುವ ಸೂರಿನ ಕೆಳಗೆ ಬೇಸಿಗೆಯುದ್ದಕ್ಕೂ ಇಟ್ಟುಕೊಳ್ಳಿ.